ಕೆಟ್ಟೋದ್ರೆ ಮಾಡೋರ್ ಯಾರು?

ಸಂಕ್ರಾಂತಿಯ ಮಾರನೇ ದಿನ ಬೆಳಿಗ್ಗೆ ಮಗಳು ಕಣದ ಕಡೆಯಿಂದ ಓಡಿಬಂದು, ಬಲಗಿವಿಯ ಹತ್ತಿರ ಬೆರಳಿಟ್ಟು ತಲೆಯನ್ನು ಅಡ್ಡಡ್ಡ ಆಡಿಸಿದಳು. ನಮ್ಮ ಮನೆಯಲ್ಲಿ ಈ ಸನ್ನೆಗೆ ಒಂದೇ ಅರ್ಥ. ಮೆಷಿನ್ ನಿಂತಿದೆ. ಮೆಷಿನ್ ಅಂದರೆ ಅವಳ ಕಾಕ್ಲಿಯರ್ ಇಂಪ್ಲಾಂಟ್, ಹುಟ್ಟು ಕಿವುಡಿಗೆ ಆಪರೇಷನ್ ಮಾಡಿಸಿ ಹಾಕಿಸಿದ ಕಿವಿ.

ಮೊದಲು ಬ್ಯಾಟರಿ ಬದಲಾಯಿಸಿದೆ. ಆಗಲಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಬಿಚ್ಚಿ ಊದಿದೆ, ಒಣಬಟ್ಟೆಯಲ್ಲಿ ಒರೆಸಿದೆ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟೆ. ಊಹೂಂ. ಕೊನೆಗೆ ಬಿಸಿಲಿಗೆ ಹಿಡಿದು ನೋಡಿದರೆ, ಪ್ರೊಸೆಸರಿನಿಂದ ತಲೆಗೆ ಅಂಟುವ ಬಿಲ್ಲೆಗೆ ಹೋಗುವ ಗೇಣುದ್ದಕ್ಕೂ ಕಡಿಮೆಯ ವೈರು, ಬಿಲ್ಲೆಗೆ ಸೇರುವ ಕಡೆ ಬಾಗಿ ಬಾಗಿ ಒಳಗೇ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಮಾತ್ರ ಮಾನ ಕಾಪಾಡುತ್ತಿತ್ತು. ಮನೆಯಲ್ಲಿದ್ದ ಹೆಚ್ಚುವರಿ ವೈರನ್ನು ದೀಪಾವಳಿಯ ಹೊತ್ತಿಗೇ ಬಳಸಿಯಾಗಿತ್ತು.

ಜಗಲಿಯ ಮೇಲೆ ಕೂತಿದ್ದ ಚಿಕ್ಕಪ್ಪ ಎಲ್ಲ ನೋಡುತ್ತಿದ್ದ. (ನಮ್ಮ ಕಡೆ ಚಿಕ್ಕಪ್ಪನಿಗೆ ಏಕವಚನವೇ. ಮೈಸೂರಿನ ಗೆಳೆಯರು ಇದನ್ನು ಓದಿ ಮುಖ ಸಿಂಡರಿಸಬಾರದು.)

"ಏನ್ಲಾ, ಕೆಟ್ಟೋಯ್ತಾ?"

"ವೈರು ಹೋಗದೆ ಚಿಕ್ಕಪ್ಪ."

"ಮಾಡೋರ್ ಯಾರವ್ರೆ?"

ಈ ಪ್ರಶ್ನೆಯನ್ನು ಅವನು ಹಿಂದೆಯೂ ಒಂದು ಸಲ ಕೇಳಿದ್ದ. 2018ರಲ್ಲಿ, ಮಗುವಿಗೆ ಕಿವಿ ಆಪರೇಷನ್ ಮಾಡಿಸುತ್ತೇವೆ ಅಂತ ಹೇಳೋಕೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ. ಉಳಿದವರು ಕೇಳಿದ್ದೆಲ್ಲ ಬೇರೆ. ಬುರುಡೆ ಕೊರೀತಾರಾ, ಎರಡೂವರೆ ವರ್ಷದ ಕೂಸು ತಡ್ಕೊಂಡಾತಾ, ಎಷ್ಟು ಲಕ್ಷ ಆಯ್ತದೆ, ಮಾದಪ್ಪನಿಗೆ ಹರಕೆ ಕಟ್ಕೊಂಡಿದ್ದೀರಾ. ಚಿಕ್ಕಪ್ಪ ಒಬ್ಬನೇ ಎಲೆಅಡಿಕೆ ಉಗಿದು ಬಂದು, "ಒಳಗಿಟ್ಟಿದ್ದು ಕೆಟ್ಟೋದ್ರೆ ಮಾಡೋರ್ ಯಾರು?" ಅಂದಿದ್ದ. ನನಗೆ ಮೈಯೆಲ್ಲ ಉರಿದಿತ್ತು. ಮಗುವಿಗೆ ಕಿವಿ ಬರುತ್ತದೆ ಅನ್ನುವ ಹೊತ್ತಿನಲ್ಲಿ ಇವನದೊಂದು ಪಂಪ್‌ಸೆಟ್ ಬುದ್ಧಿ.

ಅವನ ಬುದ್ಧಿ ಪಂಪ್‌ಸೆಟ್ಟಿನದೇ, ಅದರಲ್ಲಿ ತಪ್ಪೇನಿಲ್ಲ. ವರ್ಷಕ್ಕೆ ಎರಡು ಸಲ ಮೋಟರು ಸುಡುತ್ತದೆ, ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಗೆ ಹೋಗುತ್ತಾನೆ, ರಿವೈಂಡಿಂಗ್ ಅಂಗಡಿಯವನು ಹಳೇ ತಾಮ್ರ ಕಿತ್ತು ಹೊಸದು ಸುತ್ತಿಕೊಡುತ್ತಾನೆ, ಸಂಜೆಗೆ ಗದ್ದೆಗೆ ನೀರು. ಯಾವ ಕಂಪನಿಯ ಮೋಟರು ಒಳ್ಳೆಯದು ಎಂದು ಕೇಳಿದರೆ ಅವನು ಹೇಳುವುದು, ನಮ್ಮ ರಿವೈಂಡಿಂಗ್‌ನೋನಿಗೆ ಯಾವುದು ಗೊತ್ತೋ ಅದು.

ಆದರೆ ಆ ಪ್ರಶ್ನೆ ಬಂದದ್ದು ಮೋಟರಿನಿಂದಲ್ಲ, ಅವನ ಕೈಯಿಂದ.

ಚಿಕ್ಕಪ್ಪನ ಬಲಗೈ ಮೊಣಕೈ ದಾಟಿ ನಾಲ್ಕು ಬೆರಳಷ್ಟು ಮಾತ್ರ ಇದೆ. ಆಲೆಮನೆಯಲ್ಲಿ ಹೋದದ್ದು. ನಾನಾಗ ಹೈಸ್ಕೂಲು. ರಾತ್ರಿ ಪಾಳಿಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವನು, ತೂಕಡಿಕೆಯಲ್ಲಿ ಅಡ್ಡ ಸಿಕ್ಕಿಕೊಂಡ ಜಲ್ಲೆಯನ್ನು ಅಂಗೈಯಿಂದ ಒಳಕ್ಕೆ ಒತ್ತಿದ. ಗಾಣದ ರೋಲರ್ ಜೋರಾಗಿ ತಿರುಗುವುದಿಲ್ಲ, ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ನಿಲ್ಲಿಸುವವನು ಕೊಪ್ಪರಿಗೆಯ ಹತ್ತಿರ ಪಾಕ ನೋಡುತ್ತಿದ್ದನಂತೆ. ಅಲ್ಲಿಂದ ಇಲ್ಲಿಗೆ ಓಡಿಬರುವಷ್ಟು ಹೊತ್ತು. ಕಬ್ಬು ಅರೆಯುವ ಊರುಗಳಲ್ಲಿ ಇಂಥ ಕೈಗಳನ್ನು ನೀವು ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ನೋಡಿರುತ್ತೀರಿ. ಟವೆಲ್ಲು ಹೊದ್ದುಕೊಂಡಿರುತ್ತವೆ.

ಮೊದಲು ಕೊಟ್ಟಿದ್ದು ತೋರಿಕೆಯ ಕೈ. ಗುಲಾಬಿ ಬಣ್ಣದ್ದು, ನಮ್ಮ ವಂಶದಲ್ಲೇ ಯಾರಿಗೂ ಇಲ್ಲದ ಬಣ್ಣ. ಮದುವೆಗೆ ಹಾಕಿಕೊಂಡು ಹೋಗುತ್ತಿದ್ದ. ಎಷ್ಟೋ ವರ್ಷದ ಮೇಲೆ ಒಂದು ಶಿಬಿರದಲ್ಲಿ ಬ್ಯಾಟರಿ ಕೈ ಸಿಕ್ಕಿತು. ಅದು ನಿಜಕ್ಕೂ ಸೊಗಸಾದ ವಸ್ತು. ಕೈ ಹೋದರೂ ಕೈಯನ್ನು ಮಡಿಸುವ, ಬಿಡಿಸುವ ಸ್ನಾಯುಗಳ ತುದಿ ಮೊಂಡಿನಲ್ಲಿ ಉಳಿದಿರುತ್ತವೆ. "ಮುಷ್ಟಿ ಹಿಡಿ" ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಆ ತುದಿಗಳು ಈಗಲೂ ಬಿಗಿಯುತ್ತವೆ. ಬಿಗಿದಾಗ ಚರ್ಮದ ಮೇಲೆ ಕೂದಲೆಳೆಯಷ್ಟು ವಿದ್ಯುತ್ ಏಳುತ್ತದೆ. ಮೊಂಡಿಗೆ ತೊಡುವ ಬಟ್ಟಲಿನೊಳಗಿನ ಎರಡು ಲೋಹದ ಬಿಲ್ಲೆಗಳು ಅದನ್ನು ಹಿಡಿದು ದೊಡ್ಡದು ಮಾಡಿ ಮೋಟರಿಗೆ ಕೊಡುತ್ತವೆ. ಶಿಬಿರದಲ್ಲಿ ಚಿಕ್ಕಪ್ಪ ನೀರಿನ ಲೋಟ ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು.

ಎರಡು ತಿಂಗಳು. ಏಪ್ರಿಲ್ ಬಂತು, ಮೊಂಡು ಬೆವರಿತು, ಬೆವರಿಗೆ ಬಿಲ್ಲೆಗಳು ಜಾರಿ ಕೈ ತನ್ನಷ್ಟಕ್ಕೆ ತೆರೆದು ಮುಚ್ಚಲು ಶುರುವಾಯಿತು. ಒಂದು ಸಲ ಎಮ್ಮೆಯ ಬಾಲ ಹಿಡಿದುಕೊಂಡು ಬಿಡಲಿಲ್ಲ. ಆ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು. ಬಟ್ಟಲು ಉಜ್ಜಿ ಹುಣ್ಣಾಯಿತು. ಆಮೇಲೆ ಚಾರ್ಜರ್ ಕೆಟ್ಟಿತು. ಶಿಬಿರದವರು ಕೊಟ್ಟಿದ್ದ ಚೀಟಿಯಲ್ಲಿದ್ದ ನಂಬರಿಗೆ ಫೋನು ಹೋಗಲಿಲ್ಲ. ಈಗ ಎರಡು ಕೈಗಳೂ ಅಟ್ಟದ ಮೇಲೆ ಒಂದೇ ಮೊಳೆಗೆ ನೇತಾಡುತ್ತಿವೆ. ಇವನು ಮೊಂಡು, ಹಲ್ಲು ಮತ್ತು ಎಡಗೈಯಲ್ಲಿ ಹುಲ್ಲಿನ ಹೊರೆ ಕಟ್ಟುತ್ತಾನೆ, ನಾನು ಎರಡು ಕೈಯಲ್ಲಿ ಕಟ್ಟುವುದಕ್ಕಿಂತ ಬಿಗಿಯಾಗಿ.

ಮಗಳ ವಿಷಯಕ್ಕೆ ಬರುತ್ತೇನೆ. ಅವಳದು ಹುಟ್ಟು ಕಿವುಡು, ಎರಡೂ ಕಿವಿಗೆ. ನಾನು ಮದುವೆಯಾದದ್ದು ಅಕ್ಕನ ಮಗಳನ್ನು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಜೋಡಿಯಾಗುವ ಸಂಭವ ಜಾಸ್ತಿ ಎನ್ನುವುದನ್ನು ಡಾಕ್ಟರು ಬಹಳ ಮೆತ್ತಗೆ ಹೇಳಿದರು. ಅಷ್ಟು ಮೆತ್ತಗೆ ಹೇಳಿದ್ದೇ ಜಾಸ್ತಿ ನೋಯಿಸಿತು. ಅದನ್ನು ಇಲ್ಲಿಗೇ ಬಿಡುತ್ತೇನೆ.

ಮೈಸೂರಿನಲ್ಲಿದ್ದದ್ದು ನಮ್ಮ ಪುಣ್ಯ. ಮಾನಸಗಂಗೋತ್ರಿಯ ಪಕ್ಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1960ರ ದಶಕದ ನಡುವಿನಿಂದ. ಊರಿನವರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಆಟೋದವರಿಗೂ ಅದೇ ಹೆಸರು. ಬೇರೆ ಬೇರೆ ರಾಜ್ಯಗಳ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಸುತ್ತಮುತ್ತ ಬಾಡಿಗೆ ಮನೆ ಹಿಡಿದಿರುತ್ತಾರೆ. ಬೆಳಗ್ಗೆ ಮಕ್ಕಳ ಪಕ್ಕದಲ್ಲಿ ಕೂತು ತಾವೂ ಪಾಠ ಕಲಿಯುತ್ತಾರೆ. ನನ್ನ ಹೆಂಡತಿ ಅಲ್ಲಿ ಹಿಂದಿ ಕಲಿತಳು, ಒಬ್ಬ ಬಿಹಾರದ ತಾಯಿಗೆ ಮುದ್ದೆ ತಿರುವುವುದನ್ನು ಕಲಿಸಿದಳು.

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಏನು ಎಂದು ನೆಂಟರಿಗೆ ವಿವರಿಸಿ ವಿವರಿಸಿ ನನಗೊಂದು ಪಾಠ ಬಾಯಿಪಾಠವಾಗಿದೆ. ಒಳಗಿವಿಯಲ್ಲಿ ಶಂಖದ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ನಾಳವಿದೆ. ಅದರ ಬಾಯಿಯ ಕಡೆ ಕೀರಲು ಸ್ವರ, ತುದಿಯ ಕಡೆ ದಪ್ಪ ಸ್ವರ. ಸ್ವರವನ್ನು ನರಕ್ಕೆ ದಾಟಿಸುವ ಒಳಸಾಲಿನ ರೋಮಕೋಶಗಳು ಸುಮಾರು 3,500. ಅವು ಕೆಲಸ ಮಾಡದಿದ್ದರೆ ಶ್ರವಣಯಂತ್ರ ಎಷ್ಟು ಜೋರಾಗಿ ಕೂಗಿದರೂ ವ್ಯರ್ಥ. ಆದ್ದರಿಂದ ಅವನ್ನು ಬಿಟ್ಟು, ನಾಳದೊಳಗೆ ಒಂದು ತೆಳ್ಳನೆಯ ಎಳೆ ತೂರಿಸಿ ನೇರವಾಗಿ ನರಕ್ಕೇ ವಿದ್ಯುತ್ ಕೊಡುವುದು. ನನ್ನ ಮಗಳ ಎಳೆಯಲ್ಲಿ 22 ಎಲೆಕ್ಟ್ರೋಡ್‌ಗಳಿವೆ. ಕಿವಿಯ ಹಿಂದಿನ ಪ್ರೊಸೆಸರ್ ಮಾತನ್ನು ಪಟ್ಟಿಪಟ್ಟಿಯಾಗಿ ಸೀಳುತ್ತದೆ, ಬಿಲ್ಲೆ ಅದನ್ನು ಚರ್ಮದ ಮೂಲಕ ರೇಡಿಯೋದಲ್ಲಿ ಒಳಗೆ ಕಳಿಸುತ್ತದೆ. ಬಿಲ್ಲೆಯನ್ನು ತಲೆಗೆ ಹಿಡಿದಿಡುವುದು ಒಂದು ಅಯಸ್ಕಾಂತ. ಸಿಟಿ ಬಸ್ಸಿನ ಕಬ್ಬಿಣದ ಕಂಬಿಗೆ ಅದು ಟಕ್ ಅಂತ ಅಂಟಿಕೊಂಡು, ಮಗಳು ಸೀಟಿನ ಕಡೆ, ಕಿವಿ ಕಂಬಿಯ ಕಡೆ ಆದದ್ದು ಲೆಕ್ಕವಿಲ್ಲ.

ವೀಣೆಗೆ 24 ಮೆಟ್ಟಿಲು. ಇವಳ ಕಿವಿಗೆ 22. ಹೆಚ್ಚುಕಮ್ಮಿ ಒಂದೇ ಅನ್ನಿಸಬಹುದು, ಆದರೆ ವೀಣೆಯಲ್ಲಿ ತಂತಿ ಎಳೆದು ಎರಡು ಮೆಟ್ಟಿಲ ನಡುವೆ ಗಮಕ ತೆಗೆಯಬಹುದು. ಇಲ್ಲಿ ವಿದ್ಯುತ್ತು ಒದ್ದೆ ನಾಳದಲ್ಲಿ ಪಕ್ಕಕ್ಕೂ ಹರಡಿಬಿಡುತ್ತದೆ. ಬೆರಳಿನ ಬದಲು ಮುಷ್ಟಿಯಿಂದ ಮೆಟ್ಟಿಲು ಒತ್ತಿದ ಹಾಗೆ. ನಿಜಕ್ಕೂ ಬೇರೆಬೇರೆಯಾಗಿ ಕೇಳುವುದು ಏಳೆಂಟೇ ಪಟ್ಟಿ ಎನ್ನುತ್ತಾರೆ. ಮಾತಿಗೆ ಅಷ್ಟು ಸಾಕು, ಸಂಗೀತಕ್ಕೆ ಸಾಲದು. ದಸರೆಯ ಅರಮನೆ ಕಛೇರಿಗೆ ಕರೆದುಕೊಂಡು ಹೋದರೆ ಅವಳು ಮೃದಂಗದವರನ್ನೇ ನೋಡುತ್ತಿರುತ್ತಾಳೆ. ಲಯ ಸಲೀಸು. ರಾಗ ಅವಳಿಗೆ ಗದ್ದಲ.

ಬಹುಎಲೆಕ್ಟ್ರೋಡಿನ ಈ ಸಾಧನವನ್ನು 1978ರಲ್ಲಿ ಮೆಲ್ಬರ್ನ್‌ನಲ್ಲಿ ಕೂರಿಸಿದ ತಂಡದ ಮುಂದಾಳು ಗ್ರೇಮ್ ಕ್ಲಾರ್ಕ್. ಅವರ ತಂದೆಗೆ ಕಿವಿ ಮಂದ, ಔಷಧಿ ಅಂಗಡಿ ಇಟ್ಟಿದ್ದವರು. ಸುರುಳಿ ನಾಳದೊಳಗೆ ಎಳೆ ಹೋಗದೆ ಮಡಚಿಕೊಳ್ಳುತ್ತಿತ್ತು. ಕ್ಲಾರ್ಕ್ ಸಮುದ್ರತೀರದಲ್ಲಿ ಒಂದು ಚಿಪ್ಪು ಹೆಕ್ಕಿ ಅದಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರಂತೆ. ತುದಿ ಬಳುಕುವ, ಬುಡ ಗಟ್ಟಿ ಇರುವ ಎಸಳು ಸರಾಗ ಒಳಗೆ ಹೋಯಿತು. ಎಳೆಯನ್ನು ಹಾಗೇ ಮಾಡಿದರು. ಈಗ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡಿದ್ದಾರೆ. ಮೆದುಳು ಮತ್ತು ಯಂತ್ರ ಸೇರುವ ಭವಿಷ್ಯ ಬರುತ್ತದಂತೆ ಎಂದು ಫಾರ್ವರ್ಡ್ ಕಳಿಸುವವರಿಗೆ ನಾನು ಹೇಳುವುದು, ಬಂದು ಬಹಳ ದಿನ ಆಯ್ತು ಸ್ವಾಮಿ, ನಮ್ಮ ಮನೆಯಲ್ಲಿ ಹೋಮ್‌ವರ್ಕ್ ಮಾಡದೆ ಕೂತಿದೆ.

ಆಪರೇಷನ್ ಆದ ತಕ್ಷಣ ಕೇಳಿಸುತ್ತದೆ ಎಂದು ನಾವೂ ನಂಬಿದ್ದೆವು. ಗಾಯ ಮಾಗಿದ ಮೇಲೆ ಸ್ವಿಚ್ ಆನ್. ಆ ದಿನ ಅವಳು ನಗಲಿಲ್ಲ, ಹೆದರಿ ಅತ್ತಳು. ಆಮೇಲೆ ಮ್ಯಾಪಿಂಗ್ ಎಂಬ ಲೆಕ್ಕ: ಪ್ರತಿ ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ ಕೊಟ್ಟರೆ ಕೇಳಲು ಶುರು, ಎಷ್ಟಾದರೆ ಜಾಸ್ತಿ. ಎರಡೂವರೆ ವರ್ಷದ ಮಗು ಹೇಳಬಲ್ಲದೇ? ಶಬ್ದ ಬಂದಾಗ ಡಬ್ಬಿಗೆ ಒಂದು ಮಣಿ ಹಾಕು ಎಂಬ ಆಟ. ಮತ್ತೆ ದಿನವೂ ಬೆಳಿಗ್ಗೆ ಮೆಷಿನ್ ಹಾಕಿದ ಕೂಡಲೇ ಆರು ಶಬ್ದಗಳ ಪರೀಕ್ಷೆ. ಮ್, ಊ, ಆ, ಈ, ಶ್, ಸ್. ದಪ್ಪದಿಂದ ಕೀರಲಿನವರೆಗೆ ಮಾತಿನ ಇಡೀ ಹರವನ್ನು ಈ ಆರೇ ಶಬ್ದ ಅಳೆದುಬಿಡುತ್ತವೆ. ಬಾಯಿ ಕಾಣಿಸಬಾರದು, ಕಂಡರೆ ತುಟಿ ಓದಿ ಹೇಳಿಬಿಡುತ್ತಾಳೆ ಕಳ್ಳಿ. ಅಂಗೈ ಬಾಯಿಗೆ ಒತ್ತಿಕೊಳ್ಳಲೂ ಬಾರದು, ಸ್ವರ ಮುಚ್ಚಿಹೋಗುತ್ತದೆ. ಮುಖದಿಂದ ಸ್ವಲ್ಪ ದೂರ ಹಿಡಿಯಬೇಕು. 'ಸ್' ಕೇಳಿಸಲಿಲ್ಲ ಅಂದರೆ ಆ ದಿನ ಏನೋ ತೊಂದರೆ. ಏಳು ವರ್ಷದಲ್ಲಿ ಮೆಷಿನ್ ಹಾಕಿ ಈ ಆರು ಶಬ್ದ ಹೇಳದ ದಿನವಿಲ್ಲ. ಸಂಧ್ಯಾವಂದನೆ ಮಾಡುವ ನಮ್ಮ ಪಕ್ಕದ ಮನೆಯವರಿಗಿಂತ ನಿಷ್ಠೆ ನಮ್ಮದು.

ಒಂದು ತಮಾಷೆ ಹೇಳಲೇಬೇಕು. ಥೆರಪಿಯಲ್ಲಿ ಅವಳಿಗೆ ಬಹಳ ಕಷ್ಟವಾದದ್ದು 'ಹ'. ಬರೀ ಉಸಿರು ಅದು, ಮೆಷಿನ್ನಿಗೆ ಸಿಗುವುದೇ ಕಷ್ಟ. ಮೂರು ತಿಂಗಳು ಹಾಲು, ಹಣ್ಣು, ಹೂವು, ಹುಲಿ. ಕೊನೆಗೆ ಬಂತು. ಖುಷಿಯಲ್ಲಿ ಊರಿಗೆ ಕರೆದುಕೊಂಡು ಹೋದರೆ ನಮ್ಮಮ್ಮ ಲೋಟ ಹಿಡಿದು ಬಂದು, "ಆಲು ಕುಡಿ ಮಗ, ಅಣ್ಣು ತಿನ್ನು." ಮಗಳು ಅಜ್ಜಿಯ ಬಾಯನ್ನೇ ನೋಡಿದಳು. ತಿದ್ದಿದಳು: "ಹಾಲು." ಅಜ್ಜಿ ಮತ್ತೆ, "ಊಂ ಕಣವ್ವ, ಆಲು." ಮಗಳು ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದಳು, "ಅಜ್ಜಿಗೆ ಹ ಕೇಳಲ್ಲ. ಮೆಷಿನ್ ಹಾಕ್ಸು."

ಈಗ ಅವಳಿಗೆ ಎರಡೂ ಗೊತ್ತು. ಮೈಸೂರಲ್ಲಿ ಹಾಲು, ಊರಲ್ಲಿ ಆಲು.

ಈ ಹಾಲು-ಆಲುವಿನಿಂದಲೇ ನಾನು ಮೆದುಳಿನ ಇಂಪ್ಲಾಂಟ್‌ಗಳ ಬಗ್ಗೆ ಓದುವಾಗ ಬೇರೆಯವರು ನಿಲ್ಲದ ಜಾಗದಲ್ಲಿ ನಿಲ್ಲುತ್ತೇನೆ. ಕಿವಿಯ ಇಂಪ್ಲಾಂಟ್ ಹೊರಗಿನ ಮಾತನ್ನು ಒಳಗೆ ಕಳಿಸುತ್ತದೆ. ಇವು ಉಲ್ಟಾ, ಒಳಗಿನದನ್ನು ಹೊರಗೆ ತರುತ್ತವೆ. 2004ರಲ್ಲಿ ಮ್ಯಾಟ್ ನೇಗಲ್ ಎಂಬ, ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಅಮೆರಿಕದ ಯುವಕನ ಮೆದುಳಿನ ಮೇಲೆ 4 ಮಿಲಿಮೀಟರ್ ಅಗಲದ, ನೂರು ಸೂಜಿಗಳ ಒಂದು ಚೂರನ್ನು ಕೂರಿಸಿದರು. ಅವನು ಕೈ ಆಡಿಸುವುದಾಗಿ ಅಂದುಕೊಂಡು ಕಂಪ್ಯೂಟರಿನ ಬಾಣ ಓಡಿಸಿದ. ಅಲ್ಲಿಂದ 20 ವರ್ಷಕ್ಕೆ ಮಾತೇ ಬಂತು. ಕ್ಯಾಲಿಫೋರ್ನಿಯಾದ ಕೇಸಿ ಹ್ಯಾರೆಲ್ ಅವರಿಗೆ ಎಎಲ್‌ಎಸ್. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದೇ ಸಾಯುವ ರೋಗ. ಟ್ರಾನ್ಸ್‌ಫಾರ್ಮರ್ ಸರಿ ಇದೆ, ಮೋಟರೂ ಇದೆ, ನಡುವಿನ ಲೈನು ಕಟ್ ಆದ ಹಾಗೆ. 2023ರಲ್ಲಿ ಮೆದುಳಿನಲ್ಲಿ ಮಾತಿನ ಚಲನೆಗಳನ್ನು ನಡೆಸುವ ಭಾಗಕ್ಕೆ ಒಟ್ಟು 256 ಎಲೆಕ್ಟ್ರೋಡ್‌ಗಳನ್ನು ಇಟ್ಟರು. ಅವರು ಮಾತಾಡಲು ಯತ್ನಿಸಿದರೆ ಪದಗಳು ಪರದೆಯ ಮೇಲೆ ಬರುತ್ತವೆ, ರೋಗಕ್ಕೆ ಮುಂಚಿನ ಅವರದೇ ದನಿಯನ್ನು ಹೋಲುವ ದನಿಯಲ್ಲಿ ಕಂಪ್ಯೂಟರ್ ಓದುತ್ತದೆ. 1,25,000 ಪದಗಳ ಭಂಡಾರದಲ್ಲಿ 97 ಶೇಕಡಾ ಪದಗಳು ಸರಿ. 2024ರಲ್ಲಿ ಇದರ ವರದಿ ಬಂದಾಗ ನಾನು ರಾತ್ರಿ ಹನ್ನೆರಡರವರೆಗೆ ಕೂತು ಓದಿದೆ.

ಯಂತ್ರ ಮನಸ್ಸು ಓದುವುದಿಲ್ಲ, ಇದನ್ನು ಸ್ಪಷ್ಟ ಹೇಳಬೇಕು. ತುಟಿ, ನಾಲಿಗೆ, ದವಡೆ, ಗಂಟಲಿಗೆ ಮೆದುಳು ಕಳಿಸುವ ಆಜ್ಞೆಯನ್ನು ಓದುತ್ತದೆ, ಅದರಿಂದ ಧ್ವನಿಗಳನ್ನು ಊಹಿಸುತ್ತದೆ. ಊಹೆ ಅಲುಗಾಡಿದಾಗ ಮೊಬೈಲಿನ ಕೀಬೋರ್ಡು ಮುಂದಿನ ಪದ ಸೂಚಿಸುವ ಹಾಗೆ ಭಾಷೆಯ ಲೆಕ್ಕ ಕೈಹಿಡಿಯುತ್ತದೆ. ಹಾಗಾದರೆ ಕೆ.ಆರ್. ಪೇಟೆಯ ಒಬ್ಬ ಮೇಷ್ಟ್ರಿಗೆ ಇದೇ ರೋಗ ಬಂದರೆ? ಅವರ ಮೆದುಳು ನಾಲಿಗೆಯನ್ನು ಮೇಲಕ್ಕೆ ಮಡಚಿ 'ಳ' ಅನ್ನಲು ಆಜ್ಞೆ ಕೊಡುತ್ತದೆ. ಇಂಗ್ಲಿಷಿಗೆ ಕಲಿಸಿದ ಯಂತ್ರ ಆ 'ಳ'ವನ್ನು 'ಲ' ಮಾಡಿಬಿಡುತ್ತದೆ, ಬಾಳೆ ಹೋಗಿ ಬಾಲೆ ಬರುತ್ತಾಳೆ. ಕತೆಗೂ ಕತ್ತೆಗೂ ನಡುವೆ ಇರುವುದು ನಾಲಿಗೆ ಹಲ್ಲಿಗೆ ಒಂದು ಚಣ ಜಾಸ್ತಿ ಒತ್ತುವುದು ಮಾತ್ರ. ಪದಗಳ ಭಂಡಾರದ ಮಾತಂತೂ ಕೇಳಬೇಡಿ. 'ಬರ್ತಿರಲಿಲ್ವಂತೆ' ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನವರು ಒಂದು ಸಾಲು ಬರೆಯಬೇಕು. ಒಂದೇ ಧಾತುವಿಗೆ ಕಾಲ, ಲಿಂಗ, ಇಲ್ಲ, ಅಂತೆ, ಓ, ಏ ಎಲ್ಲ ಅಂಟಿಸುತ್ತಾ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ಇದು ಆಗದ ಕೆಲಸವೇನಲ್ಲ. ಪಾರ್ಶ್ವವಾಯುವಿನಿಂದ ಮಾತು ಹೋದ ಒಬ್ಬರ ಮೆದುಳಿನಿಂದ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ತೆಗೆದ ಕೆಲಸ 2024ರಲ್ಲೇ ಪ್ರಕಟವಾಗಿದೆ. ಕನ್ನಡದಲ್ಲಿ ಆಗಬೇಕಾದರೆ ಕನ್ನಡದ ದನಿ ಕೂಡಿಹಾಕುವವರು ಬೇಕು, ಮಂಡ್ಯದ 'ಆಲು'ವನ್ನೂ ತಪ್ಪೆಂದು ತಿದ್ದದೆ ಕೂಡಿಹಾಕುವವರು. ಇಲ್ಲವಾದರೆ ನಮ್ಮ ಮೇಷ್ಟ್ರಿಗೆ ಮಾತು ಬಂದರೂ ಇನ್ನೊಬ್ಬರ ನಾಲಿಗೆಯಲ್ಲಿ ಬರುತ್ತದೆ.

ಎಲಾನ್ ಮಸ್ಕ್ ಕಂಪನಿಯ ವಿಷಯ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಎರಡು ಸಾಲು. 2024ರ ಜನವರಿಯಲ್ಲಿ ಮ್ಯಾಟ್ ನೇಗಲ್ ಹಾಗೇ ಸ್ವಾಧೀನ ಕಳೆದುಕೊಂಡಿದ್ದ ನೋಲಂಡ್ ಆರ್ಬೋ ಅವರ ಮೆದುಳಿಗೆ ಹಾಕಿದ ನ್ಯೂರಾಲಿಂಕ್‌ನಲ್ಲಿ 64 ಎಳೆ, 1,024 ಎಲೆಕ್ಟ್ರೋಡ್. ಕೆಲವೇ ವಾರಗಳಲ್ಲಿ ಬಹಳಷ್ಟು ಎಳೆಗಳು ಮೆದುಳಿನಿಂದ ಹೊರಗೆ ಜರುಗಿದವು. ಸಾಫ್ಟ್‌ವೇರ್ ತಿದ್ದಿ ಉಳಿದದ್ದರಲ್ಲೇ ಕೆಲಸ ನಡೆಸಿದರು, ಅವರು ಈಗಲೂ ಬಳಸುತ್ತಿದ್ದಾರೆ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಚದುರಂಗ ಆಡಿದ ವಿಡಿಯೋ ಅಲ್ಲ, ಎಳೆ ಜರುಗಿದಾಗ ಫೋನು ಎತ್ತುವವರು ಇದ್ದರು ಎನ್ನುವುದು.

ಫೋನು ಎತ್ತದವರ ಕಥೆಯೂ ಇದೆ. ಕಣ್ಣಿನ ರೆಟಿನಾ ಸತ್ತವರಿಗೆ ಆರ್ಗಸ್ ಎಂಬ ಸಾಧನ ಬಂದಿತ್ತು. ಕನ್ನಡಕದಲ್ಲಿ ಕ್ಯಾಮೆರಾ, ರೆಟಿನಾದ ಮೇಲೆ 60 ಎಲೆಕ್ಟ್ರೋಡ್. ಬಾಗಿಲು ಎಲ್ಲಿ, ಗೋಡೆ ಎಲ್ಲಿ ಎಂದು ಬೆಳಕಿನ ಚುಕ್ಕೆಗಳಲ್ಲಿ ಗೊತ್ತಾಗುತ್ತಿತ್ತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಕಂಪನಿ ತಯಾರಿಕೆ ನಿಲ್ಲಿಸಿತು, 2020ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂತು. ಅದಕ್ಕೂ ಮುಂಚೆಯೇ ನ್ಯೂಯಾರ್ಕಿನ ಮೆಟ್ರೋ ನಿಲ್ದಾಣದಲ್ಲಿ ರೈಲು ಬದಲಿಸುತ್ತಿದ್ದ ಒಬ್ಬ ಮಹಿಳೆಗೆ ಬೀಪ್ ಬೀಪ್ ಬೀಪ್ ಎಂದು ಮೂರು ಸಲ ಕೇಳಿ ಕಣ್ಣು ಆರಿಹೋಯಿತಂತೆ. ಕೆಟ್ಟ ಸಾಧನ ಇನ್ನೂ ಕಣ್ಣೊಳಗೇ ಇದೆ. ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬ ಹೆಂಗಸು, ರೀಟಾ ಲೆಗೆಟ್. ಅಪಸ್ಮಾರ ಬರುವ ಮುಂಚೆ ಎಚ್ಚರಿಸುವ ಸಾಧನ ಅವರ ಮೆದುಳಿನಲ್ಲಿತ್ತು. ಆಕೆಯ ಬದುಕೇ ಬದಲಾಗಿತ್ತು. ಕಂಪನಿಯ ದುಡ್ಡು ಮುಗಿಯಿತು, ಸಾಧನ ಹೊರತೆಗೆಯಬೇಕಾಯಿತು. ಮನೆ ಅಡವಿಟ್ಟಾದರೂ ಕೊಂಡುಕೊಳ್ಳುತ್ತೇವೆ ಅಂದರೂ ಆಗಲಿಲ್ಲ.

ಇದನ್ನು ಓದಿದ ದಿನ ನನಗೆ ಚಿಕ್ಕಪ್ಪನ ನೆನಪಾಯಿತು. ಅವನಿಗೆ ಹೇಳಿದೆ ಕೂಡ. ಅವನು ಗೆದ್ದ ಮುಖ ಮಾಡಲಿಲ್ಲ. "ಪಾಪ, ಕಣ್ಣು ಕೊಟ್ಟು ಕಿತ್ಕೊಂಡಂಗಾಯ್ತಲ್ಲ" ಅಂದ.

ಇದರ ಎದುರಿಗೆ ಅರ್ನೆ ಲಾರ್ಸನ್ ಅವರನ್ನು ಇಟ್ಟು ನೋಡಿ. 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವರ ಮೈಯೊಳಗೆ ಹೃದಯದ ಬಡಿತ ನಡೆಸುವ ಪೇಸ್‌ಮೇಕರ್ ಇಟ್ಟರು. ಮನುಷ್ಯನ ಮೈಯೊಳಗೆ ಪೂರ್ತಿಯಾಗಿ ಇಟ್ಟ ಮೊದಲ ಪೇಸ್‌ಮೇಕರ್ ಅದು. ಅದು ಕೆಟ್ಟದ್ದು ಎಷ್ಟು ಹೊತ್ತಿಗೆ? ಕೆಲವೇ ಗಂಟೆಗಳಿಗೆ. ಈ ಲೆಕ್ಕದಲ್ಲಿ ನೋಡಿದರೆ ಅದು ಸೋತ ಯಂತ್ರ. ಆದರೆ ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಒಟ್ಟು 26 ಪೇಸ್‌ಮೇಕರ್‌ಗಳು. ಲಾರ್ಸನ್ ತೀರಿಕೊಂಡದ್ದು 2001ರಲ್ಲಿ, 86ನೇ ವಯಸ್ಸಿನಲ್ಲಿ, ಅದನ್ನು ಮಾಡಿಕೊಟ್ಟ ಎಂಜಿನಿಯರ್ ಮತ್ತು ಕೂರಿಸಿದ ಸರ್ಜನ್ ಇಬ್ಬರೂ ಹೋದ ಮೇಲೆ. ಅವರನ್ನು 43 ವರ್ಷ ಬದುಕಿಸಿದ್ದು ರಿವೈಂಡಿಂಗ್ ಅಂಗಡಿ.

ನಮಗೂ ಕಳೆದ ವರ್ಷ ಒಂದು ಪತ್ರ ಬಂತು. ಯಾವ ಕಂಪನಿ ಎಂದು ಬರೆಯುವುದಿಲ್ಲ. ಬಹಳ ಸವಿಯಾದ ಭಾಷೆ. ನಿಮ್ಮ ಮಾದರಿಯ ಪ್ರೊಸೆಸರಿನ ಬಿಡಿಭಾಗಗಳ ತಯಾರಿಕೆಯನ್ನು ನಿಲ್ಲಿಸಲಾಗುತ್ತಿದೆ, ಹೊಸ ಮಾದರಿಗೆ ಬಡ್ತಿ ಪಡೆಯಲು ಸಂಪರ್ಕಿಸಿ. ಬಡ್ತಿ! ಒಳಗಿನ ಭಾಗ ದಶಕಗಟ್ಟಲೆ ಬಾಳುತ್ತದೆ, ಹೊರಗಿನದಕ್ಕೆ ಆರೇಳು ವರ್ಷಕ್ಕೇ ವಯಸ್ಸಾಗುತ್ತದೆ. ಹೊಸದಕ್ಕೆ ಲಕ್ಷಗಳ ಮಾತು. ಕೇಂದ್ರದ ಯೋಜನೆಯಲ್ಲಿ 2014ರಿಂದ ಮಕ್ಕಳ ಇಂಪ್ಲಾಂಟಿಗೆ 6 ಲಕ್ಷದವರೆಗೆ ಸಿಗುವಂತಾಯಿತು, ನಾವೂ ಅದರ ಋಣದಲ್ಲಿರುವವರೇ. ಆದರೆ ವಾರಂಟಿ ಮುಗಿದ ಮೇಲಿನ ವೈರು, ಬಿಲ್ಲೆ, ಬ್ಯಾಟರಿ ಎಲ್ಲ ನಮ್ಮ ಪಾಲಿಗೇ ಬಂತು. ಒಂದು ಕಂಪನಿಯ ವೈರು ಇನ್ನೊಂದಕ್ಕೆ ಕೂರುವುದಿಲ್ಲ. ಮೊಬೈಲಿಗೆ ಒಂದೇ ಥರದ ಚಾರ್ಜರ್ ಇರಬೇಕು ಎಂದು ಯುರೋಪು ಕಾನೂನು ಮಾಡಿ 2024ರ ಕೊನೆಗೆ ಜಾರಿಗೆ ತಂದಿತು. ಫೋನಿಗೆ ಇರುವ ಭಾಗ್ಯ ಕಿವಿಗೆ ಇಲ್ಲ.

ಇನ್ನು ಹತ್ತು ವರ್ಷಕ್ಕೆ ಇದೆಲ್ಲ ಹಳೆಯದಾಗಬಹುದು. ಹೊರಗೆ ಏನೂ ಕಾಣದ, ಪೂರ್ತಿ ಒಳಗೇ ಇರುವ ಕಿವಿಗಳ ಪ್ರಯೋಗ ನಡೆದಿದೆ. ವಿದ್ಯುತ್ತಿನ ಬದಲು ಬೆಳಕಿನಿಂದ ನರ ಮೀಟುವ ಕೆಲಸ ಜರ್ಮನಿಯಲ್ಲಿ ನಡೆಯುತ್ತಿದೆ, ಆಗ ಮುಷ್ಟಿಯ ಬದಲು ಬೆರಳು, ಬಹುಶಃ ಗಮಕವೂ. ಒಟೋಫರ್ಲಿನ್ ಎಂಬ ಒಂದು ಜೀನಿನ ದೋಷದಿಂದ ಕಿವುಡಾದ ಮಕ್ಕಳಿಗೆ ಚೀನಾದಲ್ಲಿ ಆ ಜೀನನ್ನೇ ಕಿವಿಗೆ ಚುಚ್ಚಿ ಕೊಟ್ಟರು. 6 ಮಕ್ಕಳಲ್ಲಿ 5 ಮಕ್ಕಳಿಗೆ ಕೇಳಲು ಶುರುವಾಯಿತು ಎಂದು 2024ರಲ್ಲಿ ವರದಿಯಾಯಿತು. ನನ್ನ ಮಗಳ ದೋಷ ಅದಲ್ಲ. ಆದರೂ ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡಿದ್ದೇನೆ.

ಸಂಕ್ರಾಂತಿಯ ವೈರಿಗೆ ವಾಪಸ್ ಬರುತ್ತೇನೆ. ಆವತ್ತೇ ಚಿಕ್ಕಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು, ಅಂದರೆ ನಾನು ಓಡಿಸಿ ಅವನು ದಾರಿ ಹೇಳಿ, ರಿವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಗ್ರೀಸಿನ ಕೈ ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ಹಾಕಿ ಇನ್ನೊಂದು ಸಲ ತೊಳೆದು, ವೈರನ್ನು ಕೈಗೆ ತೆಗೆದುಕೊಂಡ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬ್ಲೇಡಿನಿಂದ ಕೂದಲೆಳೆಯಷ್ಟು ಸಿಪ್ಪೆ ಸವರಿದ. ಒಳಗೆ ಬರಿಗಣ್ಣಿಗೆ ಕಾಣದಂಥ ತಂತಿಗಳ ಕಂತೆ. ತುಂಬಾ ಹೊತ್ತು ನೋಡಿದ. "ಸಾರ್, ಇದನ್ನ ಸುತ್ತಿರೋನು ಯಾರೋ ಒಳ್ಳೆ ಕೆಲಸಗಾರ. ಬೆಸುಗೆ ಹಾಕಬೋದು, ಆದ್ರೆ ಮಗು ತಲೆ ವಿಚಾರ. ನಾನ್ ಕೈ ಹಾಕಲ್ಲ." ದುಡ್ಡು ತೆಗೆದುಕೊಳ್ಳಲಿಲ್ಲ. ಕಂಪನಿಯ ನಂಬರು ಹಬ್ಬದ ರಜೆಯಲ್ಲಿತ್ತು. ಆಮೇಲೆ ಸ್ಟಾಕ್ ಇರಲಿಲ್ಲ. ವೈರು ಬಂದದ್ದು ಒಂಬತ್ತನೇ ದಿನ.

ಆ ಒಂಬತ್ತು ದಿನ ನಾನು ಮತ್ತು ನನ್ನ ಹೆಂಡತಿ ಮಗಳ ಮುಂದೆ ಮೂಕರಾದೆವು. ಸನ್ನೆ ಭಾಷೆ ನಾವು ಕಲಿಯಲೇ ಇಲ್ಲ. ಕಲಿತರೆ ಮಾತು ಕಲಿಯಲ್ಲ ಎಂದು ಮೊದಲಲ್ಲೇ ಯಾರೋ ಹೆದರಿಸಿದ್ದರು, ನಾವೂ ನಂಬಿದೆವು. ಇಂಪ್ಲಾಂಟ್ ಇದ್ದರೂ ಮಗುವಿಗೆ ಸನ್ನೆ ಭಾಷೆ ಬೇಕು ಎಂದು ಕಿವುಡರ ಸಮುದಾಯದವರು ದಶಕಗಳಿಂದ ಹೇಳುತ್ತಿದ್ದಾರೆ. ಓದಿದ್ದೆ, ಅದು ಬೇರೆಯವರಿಗೆ ಅಂದುಕೊಂಡಿದ್ದೆ. ಎಲ್ಲ ದುಡ್ಡೂ ಒಂದೇ ಮೆಷಿನ್ನಿಗೆ ಹಾಕಿ ಕೂತಿದ್ದೆವು. ಶಾಲೆಗೆ ರಜೆ ಹೇಳಿ ಮಗಳನ್ನು ಊರಲ್ಲೇ ಬಿಟ್ಟೆವು, ಅವಳೇ ಹಠ ಮಾಡಿದಳು. ಚಿಕ್ಕಪ್ಪನಿಗೆ ಮಾತ್ರ ಏನೂ ತೊಂದರೆಯಿರಲಿಲ್ಲ. ಎಡಗೈಯಲ್ಲಿ ಎಮ್ಮೆ, ಮೊಂಡಿನಲ್ಲಿ ಅದರ ಕರು, ಹುಬ್ಬಿನಲ್ಲಿ ಬೈಗಳು. ಅವರಿಬ್ಬರೂ ಇಡೀ ದಿನ ಗದ್ದೆಯಲ್ಲಿ ಹರಟುತ್ತಿದ್ದರು. ಭಾನುವಾರ ನಾನು ಹೋದಾಗ ಏನೋ ಹೇಳಿಕೊಂಡು ನಗುತ್ತಿದ್ದರು, ನನಗೆ ಅರ್ಥವಾಗಲಿಲ್ಲ. ನನ್ನ ಬಗ್ಗೆಯೇ ಇರಬೇಕು.

ವೈರು ತೆಗೆದುಕೊಂಡು ಹೋದ ದಿನ ಸಂಜೆಯಾಗಿತ್ತು. ಸಿಕ್ಕಿಸಿದೆ, ಬಿಲ್ಲೆ ತಲೆಗೆ ಟಕ್ ಎಂದಿತು, ಹಸಿರು ದೀಪ ಮಿನುಗಿತು. ಪರೀಕ್ಷೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನನ್ನು ತಳ್ಳಿ ಚಿಕ್ಕಪ್ಪನ ಕಡೆ ಬೊಟ್ಟು ಮಾಡಿದಳು. ನಾನು ಮಾಡುವುದನ್ನು ಏಳು ವರ್ಷದಿಂದ ನೋಡಿದ್ದವನು, ಹೇಳಿಕೊಡಬೇಕಾಗಲಿಲ್ಲ. ಜಗಲಿಯ ಕಂಬದ ಪಕ್ಕ ನಿಂತು, ಮೊಂಡುಗೈಯನ್ನು ತುಟಿಯ ಮುಂದೆ, ಮುಖಕ್ಕೆ ತಾಕದಂತೆ ಹಿಡಿದ. ತುಟಿ ಪೂರ್ತಿ ಮರೆಯಾಯಿತು.

"ಮ್" ಅಂದ. ಅವಳು ಮ್ ಅಂದಳು.

"ಊ." ಊ.

"ಆ." ಆ. "ಈ." ಈ. "ಶ್." ಶ್.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ, ಅವಳನ್ನು ಕಾಯಿಸಲು. ಅವಳು ಉಸಿರು ಬಿಗಿಹಿಡಿದು ಅವನ ಮೊಂಡನ್ನೇ ನೋಡುತ್ತಿದ್ದಳು.

"ಹ" ಅಂದ.

ಅದು ಪಟ್ಟಿಯಲ್ಲಿಲ್ಲ. ಅವನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ್ದೂ ಇಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, "ಹಾಲು!" ಎಂದು ಕೂಗಿಕೊಂಡು ಅಜ್ಜಿಗೆ ಹೇಳಲು ಒಳಗೆ ಓಡಿದಳು.